‘ಆದ್ದರಿಂದ’ ಎಂಬ ಪದದ ಆಚೆ ಈಚೆ: ದೇವರನ್ನು ಅರಿಯಲು, ಉಪದೇಶವನ್ನು ಬದುಕಲು ಒಂದು ಮಾರ್ಗದರ್ಶಿ

ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಮೊದಲ ಹನ್ನೊಂದು ಅಧ್ಯಾಯಗಳು ಬಹುಮಟ್ಟಿಗೆ ಉಪದೇಶಕ್ಕೆ ಮೀಸಲಾಗಿವೆ. ಮನುಷ್ಯನ ಪಾಪ, ದೇವರ ನೀತಿ, ಕ್ರಿಸ್ತನ ಮರಣ, ನಂಬಿಕೆ, ಪವಿತ್ರಾತ್ಮನ ಕಾರ್ಯ, ಇಸ್ರಾಯೇಲಿನ ಭವಿಷ್ಯ ಇವೇ ಅಲ್ಲಿನ ವಿಷಯಗಳು. ಹನ್ನೆರಡನೆಯ ಅಧ್ಯಾಯದ ಬಾಗಿಲಲ್ಲಿ ‘ಆದ್ದರಿಂದ’ ಎಂಬ ಅರ್ಥದ ಪುಟ್ಟ ಗ್ರೀಕ್ ಪದವೊಂದು ನಿಂತಿದೆ. ಅದನ್ನು ದಾಟಿದ ಕೂಡಲೇ ಪತ್ರಿಕೆಯು ಅತಿಥಿಸತ್ಕಾರ, ಸೇಡು, ತೆರಿಗೆ, ಸಾಲ, ಊಟದ ವಿಷಯದಲ್ಲಿ ಹುಟ್ಟುವ ಮನಸ್ತಾಪ ಮುಂತಾದ ದಿನನಿತ್ಯದ ಸಂಗತಿಗಳಿಗೆ ಇಳಿಯುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯ ಕಟ್ಟಡವೂ ಹೀಗೆಯೇ ಇದೆ: ಮೊದಲ ಮೂರು ಅಧ್ಯಾಯಗಳಲ್ಲಿ ಆಜ್ಞೆಗಳು ತೀರ ವಿರಳ, ನಾಲ್ಕನೆಯ ಅಧ್ಯಾಯದ ಮೊದಲ ವಚನದಲ್ಲಿ ಅದೇ ‘ಆದ್ದರಿಂದ’ ಬರುತ್ತದೆ, ಅನಂತರ ಸುಳ್ಳು, ಕೋಪ, ಕಳ್ಳತನ, ಕೆಟ್ಟ ಮಾತು, ಗಂಡಹೆಂಡಿರ ಬಾಳು, ಆಳು ಒಡೆಯರ ಸಂಬಂಧ ಒಂದೊಂದಾಗಿ ಬರುತ್ತವೆ.

ನಮ್ಮಲ್ಲಿ ಅನೇಕರು ಈ ಪದದ ಒಂದು ಬದಿಯಲ್ಲಿ ಮಾತ್ರ ವಾಸಿಸುತ್ತೇವೆ. ಕೆಲವರಿಗೆ ವಿಶ್ವಾಸ ಪ್ರಮಾಣ ಬಾಯಿಪಾಠವಾಗಿದ್ದರೂ ಅದು ಅವರ ಹಣದ ಲೆಕ್ಕವನ್ನಾಗಲಿ ನಾಲಿಗೆಯನ್ನಾಗಲಿ ಮುಟ್ಟಿರುವುದಿಲ್ಲ. ಇನ್ನು ಕೆಲವರು ಒಳ್ಳೆಯವರಾಗಿರಲು ಹಗಲಿರುಳು ದುಡಿಯುತ್ತಾರೆ, ಆದರೆ ಆ ದುಡಿಮೆಗೆ ಬೇರು ಎಲ್ಲಿದೆ ಎಂದು ತಿಳಿಯದೆ ಬೇಗನೆ ಬತ್ತಿಹೋಗುತ್ತಾರೆ. ಈ ಎರಡೂ ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಹೆಜ್ಜೆಗಳನ್ನು ಬರೆದಿದ್ದೇನೆ. ಒಂದು ಸತ್ಯವೇದ, ಒಂದು ನೋಟ್‌ಬುಕ್, ದಿನಕ್ಕೆ ಅರ್ಧ ಗಂಟೆ ಸಾಕು. ನೋಟ್‌ಬುಕ್ಕಿನ ಪ್ರತಿ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಬದಿಯಲ್ಲಿ ದೇವರ ಕುರಿತು ಆ ದಿನ ಕಂಡ ಸತ್ಯವನ್ನೂ ಬಲಬದಿಯಲ್ಲಿ ‘ಆದ್ದರಿಂದ’ ಎಂದು ಆರಂಭವಾಗುವ ಒಂದು ವಾಕ್ಯವನ್ನೂ ಬರೆಯಬೇಕು. ಆ ವಾಕ್ಯದಲ್ಲಿ ಅದೇ ದಿನ ಮಾಡಬಹುದಾದ ಒಂದು ಕೆಲಸವಿರಬೇಕು.

ಮೊದಲ ಹೆಜ್ಜೆ: ‘ಅರಿಯುವುದು’ ಎಂದರೇನೆಂದು ಸರಿಪಡಿಸಿಕೊಳ್ಳುವುದು

ಯೋಹಾನನ ಸುವಾರ್ತೆಯ 17:3ರಲ್ಲಿ ಯೇಸು ನಿತ್ಯಜೀವವೆಂದರೆ ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೆಂದು ಪ್ರಾರ್ಥನೆಯಲ್ಲಿ ಹೇಳುತ್ತಾನೆ. ಇಲ್ಲಿನ ಅರಿವನ್ನು ಮಾಹಿತಿಯೆಂದು ಭಾವಿಸಿದರೆ ಮುಂದಿನದೆಲ್ಲ ತಪ್ಪುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಅರಿಯುವುದಕ್ಕೆ ಬಳಕೆಯಾಗುವ ‘ಯಾದಾ’ ಎಂಬ ಇಬ್ರಿಯ ಕ್ರಿಯಾಪದವು ಗಂಡಹೆಂಡಿರು ಒಬ್ಬರನ್ನೊಬ್ಬರು ಅರಿಯುವ ಆತ್ಮೀಯತೆಯನ್ನೂ ಒಳಗೊಳ್ಳುತ್ತದೆ.

ಇದನ್ನು ಇನ್ನೂ ನೇರವಾಗಿ ಹೇಳುವ ಒಂದು ಭಾಗ ಯೆರೆಮೀಯನ ಗ್ರಂಥದ 22ನೆಯ ಅಧ್ಯಾಯದಲ್ಲಿದೆ. ಅದನ್ನು ಪ್ರಸಂಗಗಳಲ್ಲಿ ಇಷ್ಟು ಕಡಿಮೆ ಕೇಳುತ್ತೇವೆಂಬುದು ನನಗೆ ಇಂದಿಗೂ ನೋವಿನ ವಿಷಯ. ಅರಸನಾದ ಯೆಹೋಯಾಕೀಮನು ಕೆಲಸಗಾರರಿಗೆ ಕೂಲಿ ಕೊಡದೆ ದುಡಿಸಿಕೊಂಡು, ದೇವದಾರು ಹಲಗೆ ಹೊದಿಸಿ ಕೆಂಪು ಬಣ್ಣ ಬಳಿದ ದೊಡ್ಡ ಅರಮನೆ ಕಟ್ಟಿಸುತ್ತಾನೆ. ಪ್ರವಾದಿ ಅವನಿಗೆ ಅವನ ತಂದೆ ಯೋಷೀಯನನ್ನು ನೆನಪಿಸುತ್ತಾನೆ. ಯೋಷೀಯನೂ ಉಣ್ಣುತ್ತ ಕುಡಿಯುತ್ತ ಬದುಕಿದವನೇ, ಆದರೆ ಬಡವರ ಮತ್ತು ದಿಕ್ಕಿಲ್ಲದವರ ನ್ಯಾಯವನ್ನು ಎತ್ತಿಹಿಡಿದನು; ನನ್ನನ್ನು ಅರಿಯುವುದೆಂದರೆ ಇದೇ ಅಲ್ಲವೇ ಎಂದು ದೇವರು ಕೇಳುತ್ತಾನೆ. ದೇವರ ಅರಿವು ಕೂಲಿಯ ಪ್ರಶ್ನೆಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಿರಿ. ದೇವರ ಕುರಿತು ನಾನು ಏನೇನು ನಂಬುತ್ತೇನೆ ಎಂಬುದು ಮೊದಲನೆಯದು. ನಾನು ಯಾರಿಗೆ ಏನನ್ನು ಕೊಡಬೇಕಾಗಿದ್ದು ಇನ್ನೂ ಕೊಟ್ಟಿಲ್ಲ ಎಂಬುದು ಎರಡನೆಯದು. ಕೂಲಿ, ಸಾಲ, ಕ್ಷಮಾಪಣೆ, ಕೃತಜ್ಞತೆ, ಯಾವುದೇ ಆಗಿರಬಹುದು. ಎರಡನೆಯ ಉತ್ತರ ಕೆಲವು ತಿಂಗಳು ನಿಮಗೆ ಕೆಲಸ ಕೊಡುತ್ತದೆ.

ಎರಡನೆಯ ಹೆಜ್ಜೆ: ಕ್ರಿಸ್ತನಿಂದ ಆರಂಭಿಸುವುದು

ದೇವರು ಹೇಗಿರಬಹುದೆಂದು ಊಹಿಸುತ್ತ ಕುಳಿತರೆ ನಮ್ಮ ಭಯಗಳಿಗೋ ಆಸೆಗಳಿಗೋ ಒಂದು ಮುಖ ಸಿಗುತ್ತದೆ, ಅಷ್ಟೇ. ಕಟ್ಟುನಿಟ್ಟಿನ ತಂದೆಯ ಕೈಯಲ್ಲಿ ಬೆಳೆದವರು ದೇವರನ್ನು ತಪ್ಪು ಹಿಡಿಯಲು ಕಾದಿರುವವನೆಂದು ಭಾವಿಸುವುದುಂಟು. ಕೇಳಿದ್ದೆಲ್ಲ ಸಿಕ್ಕವರು ದೇವರನ್ನು ಬೇಡಿಕೆ ಪೂರೈಸುವವನೆಂದು ಭಾವಿಸುವುದುಂಟು. ತಂದೆಯನ್ನು ತೋರಿಸು ಎಂದು ಫಿಲಿಪ್ಪನು ಕೇಳಿದಾಗ ಯೇಸು, ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಎಂಬ ಉತ್ತರ ಕೊಟ್ಟನು (ಯೋಹಾನ 14:9). ಕ್ರೈಸ್ತ ವಿಶ್ವಾಸದಲ್ಲಿ ದೇವರ ಅರಿವಿಗೆ ಈ ಮುಖವೇ ಅಳತೆಗೋಲು.

ಮಾರ್ಕನ ಸುವಾರ್ತೆಯಲ್ಲಿ ಹದಿನಾರು ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿದರೆ ಹದಿನಾರು ದಿನ ಸಾಕು. ಪ್ರತಿ ಅಧ್ಯಾಯವನ್ನು ಓದಿದ ಮೇಲೆ ಯೇಸು ಯಾರ ಬಳಿ ನಿಂತನು, ಯಾರನ್ನು ಮುಟ್ಟಿದನು, ಯಾವುದಕ್ಕೆ ಕೋಪಗೊಂಡನು, ಎಲ್ಲಿ ಮೌನವಾಗಿದ್ದನು ಎಂಬುದನ್ನು ಎಡಬದಿಯಲ್ಲಿ ಬರೆಯಿರಿ. ಮೊದಲ ಅಧ್ಯಾಯದಲ್ಲೇ ಆತನು ಕುಷ್ಠರೋಗಿಯನ್ನು ಮಾತಿನಿಂದ ಗುಣಪಡಿಸುವ ಮುನ್ನ ಕೈಚಾಚಿ ಮುಟ್ಟುತ್ತಾನೆ; ಮೂರನೆಯ ಅಧ್ಯಾಯದಲ್ಲಿ ಬತ್ತಿದ ಕೈಯವನನ್ನು ಮುಂದಿಟ್ಟುಕೊಂಡು ಸಬ್ಬತ್ತಿನ ವಾದ ಹೂಡಿದವರ ಹೃದಯಕಾಠಿಣ್ಯಕ್ಕಾಗಿ ಕೋಪದಿಂದ ಸುತ್ತಲೂ ನೋಡುತ್ತಾನೆ. ಹದಿನಾರು ದಿನಗಳ ಬಳಿಕ ಈ ಪುಟಗಳನ್ನು ಒಟ್ಟಿಗೆ ಓದಿ, ನೀವು ಮೊದಲು ಕಲ್ಪಿಸಿಕೊಂಡಿದ್ದ ದೇವರೊಂದಿಗೆ ಹೋಲಿಸಿ ನೋಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕಲ್ಪನೆಯನ್ನು ಕೈಬಿಡಬೇಕು.

ಇದರ ನಂತರ ಒಂದು ವಾರವಿಡೀ ವಿಮೋಚನಕಾಂಡ 34:6-7ನ್ನು ಮಾತ್ರ ಓದುವುದು ಒಳ್ಳೆಯದು. ಇಸ್ರಾಯೇಲರು ಚಿನ್ನದ ಕರುವನ್ನು ಮಾಡಿ ಒಡಂಬಡಿಕೆಯನ್ನು ಮುರಿದ ಮೇಲೆ ದೇವರು ತಾನು ಎಂಥವನೆಂದು ಮೋಶೆಯ ಮುಂದೆ ಸಾರಿದ ವಚನಗಳು ಇವು. ಕನಿಕರ, ದಯೆ, ದೀರ್ಘಶಾಂತಿ, ಅಪಾರವಾದ ಪ್ರೀತಿ, ನಂಬಿಗಸ್ತಿಕೆ, ಜೊತೆಗೆ ಅಪರಾಧವನ್ನು ಲೆಕ್ಕಿಸದೆ ಬಿಡದ ನ್ಯಾಯ, ಇವೆಲ್ಲ ಅಲ್ಲಿವೆ. ಕೀರ್ತನೆ 86, 103, 145, ಯೋವೇಲ 2, ನೆಹೆಮೀಯ 9 ಇದೇ ಮಾತನ್ನು ಮತ್ತೆ ಎತ್ತಿಕೊಳ್ಳುತ್ತವೆ. ಯೋನನು ಮಾತ್ರ ಇದನ್ನೇ ದೂರಾಗಿ ಹೇಳುತ್ತಾನೆ: ಶತ್ರುಗಳ ನಗರವಾದ ನಿನೆವೆಯನ್ನು ದೇವರು ಕ್ಷಮಿಸಿದ್ದು ಆ ಪ್ರವಾದಿಗೆ ಸಹಿಸಲಾಗಲಿಲ್ಲ. ಯಾರಿಗೆ ಕರುಣೆ ಸಿಕ್ಕರೆ ನನಗೆ ಯೋನನಂತೆ ಸಿಟ್ಟು ಬರುತ್ತದೆ ಎಂಬ ಪ್ರಶ್ನೆಗೆ ಆ ವಾರದ ಬಲಬದಿ ಮೀಸಲಿರಲಿ.

ಮೂರನೆಯ ಹೆಜ್ಜೆ: ಪ್ರಾರ್ಥನೆಗೆ ಒಂದು ಚೌಕಟ್ಟು

ಬಹುಕಾಲ ನನ್ನ ಪ್ರಾರ್ಥನೆಯು ಬೇಡಿಕೆಗಳ ಪಟ್ಟಿಯಾಗಿತ್ತು. ಪಟ್ಟಿ ಮುಗಿದರೆ ಪ್ರಾರ್ಥನೆಯೂ ಮುಗಿಯುತ್ತಿತ್ತು. ಅದನ್ನು ತಿದ್ದಿದ್ದು ಯೇಸು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಕರ್ತನ ಪ್ರಾರ್ಥನೆ. ಆದಿಸಭೆಯ ಅತಿ ಹಳೆಯ ಬರಹಗಳಲ್ಲಿ ಒಂದಾದ ‘ದಿದಾಖೆ’ಯು ವಿಶ್ವಾಸಿಗಳು ಇದನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಸೂಚಿಸುತ್ತದೆ. ಬೆಳಿಗ್ಗೆ ಪ್ರತಿ ವಾಕ್ಯದ ಬಳಿ ನಿಂತು, ಅದನ್ನು ಆ ದಿನದ ಸಂಗತಿಗಳಿಂದ ತುಂಬಿಸಿ ಹೇಳಬೇಕು. ಮಧ್ಯಾಹ್ನ ನಿಧಾನವಾಗಿ ಒಮ್ಮೆ ಹೇಳಿದರೂ ಸಾಕು. ರಾತ್ರಿ ಕ್ಷಮೆಯ ವಾಕ್ಯದ ಬಳಿ ಹೆಚ್ಚು ಹೊತ್ತು ತಂಗಬೇಕು.

ಈ ಪ್ರಾರ್ಥನೆಯ ಕ್ರಮದಲ್ಲೇ ಒಂದು ಪಾಠವಿದೆ. ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತ ಇವು ಮೊದಲು. ನಮ್ಮ ಊಟ, ನಮ್ಮ ಪಾಪ, ನಮ್ಮ ಶೋಧನೆ ಆಮೇಲೆ. ಊಟವನ್ನು ಕೇಳಲು ನಾಚಬೇಕಾಗಿಲ್ಲ, ಆದರೆ ಅದು ಎರಡನೆಯ ಸಾಲಿನಲ್ಲಿ ನಿಂತಾಗ ಆತಂಕದ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಸಂಗತಿ: ಈ ಪ್ರಾರ್ಥನೆಯಲ್ಲಿ ‘ನಾನು’ ಎಂಬ ಮಾತೇ ಇಲ್ಲ, ಎಲ್ಲವೂ ‘ನಾವು’. ಒಬ್ಬನೇ ಕೋಣೆಯಲ್ಲಿ ಕುಳಿತು ಹೇಳಿದರೂ ಹಸಿದ ಇನ್ನೊಬ್ಬನ ರೊಟ್ಟಿಯನ್ನೂ ಕೇಳಿದಂತಾಗುತ್ತದೆ. ಕೇಳಿದ ಮೇಲೆ ಅವನಿಗೆ ಕೊಡದಿರುವುದು ಕಷ್ಟ.

ಸ್ವಂತ ಮಾತು ಹೊರಡದ ದಿನಗಳಿಗಾಗಿ 150 ಕೀರ್ತನೆಗಳಿವೆ. ದಿನಕ್ಕೆ ಐದರಂತೆ ಓದಿದರೆ ತಿಂಗಳಿಗೊಮ್ಮೆ ಇಡೀ ಗ್ರಂಥ ಮುಗಿಯುತ್ತದೆ. ಅಷ್ಟು ಆಗದವರು ಒಂದನ್ನೇ ಗಟ್ಟಿಯಾಗಿ ಓದಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 8:26ರ ಪ್ರಕಾರ ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿರುವುದು ಪ್ರಾರ್ಥಿಸಲಾಗದೆ ಇರುವುದಕ್ಕೆ ಕಾರಣವಾಗಬೇಕಿಲ್ಲ, ಏಕೆಂದರೆ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ.

ನಾಲ್ಕನೆಯ ಹೆಜ್ಜೆ: ಒಂದೊಂದು ಉಪದೇಶಕ್ಕೂ ಅದರ ‘ಆದ್ದರಿಂದ’ವನ್ನು ಹುಡುಕುವುದು

ಇದು ಈ ಮಾರ್ಗದರ್ಶಿಯ ತಿರುಳು, ಇಲ್ಲಿ ಆತುರ ಬೇಡ. ಒಂದು ಉಪದೇಶಕ್ಕೆ ಕನಿಷ್ಠ ಎರಡು ವಾರ ಕೊಡಿ.

ತ್ರಿಯೇಕ ದೇವರಿಂದ, ಅಂದರೆ ತಂದೆ, ಮಗನಾದ ಕ್ರಿಸ್ತ, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರೆಂಬ ಉಪದೇಶದಿಂದ ಆರಂಭಿಸೋಣ. 325ರಲ್ಲಿ ನೈಸಿಯದಲ್ಲಿ ಸೇರಿದ ಸಭಾಪರಿಷತ್ತು, ಮಗನು ಸೃಷ್ಟಿಯಾದವನೆಂದು ಕಲಿಸಿದ ಆರಿಯಸನ ಬೋಧನೆಯನ್ನು ತಿರಸ್ಕರಿಸಿ, ಮಗನು ತಂದೆಯೊಂದಿಗೆ ಏಕತತ್ತ್ವವುಳ್ಳವನೆಂದು ಒಪ್ಪಿಕೊಂಡಿತು. 381ರ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಪವಿತ್ರಾತ್ಮನನ್ನು ತಂದೆ ಮತ್ತು ಮಗನ ಜೊತೆಯಲ್ಲಿ ಆರಾಧಿಸಬೇಕೆಂಬುದನ್ನು ಸ್ಪಷ್ಟಪಡಿಸಿತು. ಇದು ಬರಿಯ ಪಂಡಿತರ ಚರ್ಚೆಯಾಗಿರಲಿಲ್ಲ. ಮಗನು ದೇವರಿಗಿಂತ ಕೆಳಗಿನವನಾಗಿದ್ದರೆ ಶಿಲುಬೆಯಲ್ಲಿ ನಾವು ಕಂಡ ಪ್ರೀತಿ ದೇವರದೇ ಎಂದು ಹೇಳಲು ಆಧಾರವೇ ಉಳಿಯುತ್ತಿರಲಿಲ್ಲ. ನೀರು, ಮಂಜುಗಡ್ಡೆ, ಆವಿ ಮುಂತಾದ ಹೋಲಿಕೆಗಳಿಂದ ತ್ರಯೈಕ್ಯವನ್ನು ವಿವರಿಸುವ ರೂಢಿಯನ್ನು ಬಿಡುವುದು ಮೇಲು. ಅವು ಒಬ್ಬನೇ ವ್ಯಕ್ತಿ ಮೂರು ವೇಷ ಹಾಕುತ್ತಾನೆಂಬ ತಪ್ಪು ಕಲ್ಪನೆಗೆ ಒಯ್ಯುತ್ತವೆ. ಬದಲಿಗೆ ಎಫೆಸ 2:18ನ್ನು ಹಿಡಿದು ಪ್ರಾರ್ಥಿಸಿ: ತಂದೆಯ ಬಳಿಗೆ, ಮಗನ ಮೂಲಕ, ಆತ್ಮನಲ್ಲಿ. ಇಲ್ಲಿನ ‘ಆದ್ದರಿಂದ’ ದೊಡ್ಡ ಬಿಡುಗಡೆಯನ್ನು ತರುತ್ತದೆ. ತಂದೆ, ಮಗ, ಆತ್ಮರ ನಡುವೆ ಅನಾದಿಯಿಂದಲೂ ಪ್ರೀತಿ ತುಂಬಿದ್ದರಿಂದ ದೇವರು ತನ್ನ ಒಂಟಿತನವನ್ನು ನೀಗಿಸಿಕೊಳ್ಳಲು ನಮ್ಮನ್ನು ಸೃಷ್ಟಿಸಲಿಲ್ಲ. ನಮ್ಮ ಸೇವೆಯಿಂದ ತುಂಬಬೇಕಾದ ಕೊರತೆ ಆತನಲ್ಲಿ ಯಾವುದೂ ಇಲ್ಲ (ಅಪೊಸ್ತಲರ ಕೃತ್ಯಗಳು 17:25). ಸಭೆಯ ಕೆಲಸದಲ್ಲಿ ದಣಿದು, ನಾನಿಲ್ಲದಿದ್ದರೆ ಏನಾಗುವುದೋ ಎಂದು ಕಳವಳಪಡುವವರು ಈ ವಾಕ್ಯವನ್ನು ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳಲಿ.

ಸೃಷ್ಟಿಯ ಉಪದೇಶಕ್ಕೆ ಬಂದರೆ, ಆದಿಕಾಂಡ 1:27 ಪ್ರತಿ ಮನುಷ್ಯನೂ ದೇವರ ಸ್ವರೂಪದಲ್ಲಿ ಉಂಟಾದವನೆಂದು ಹೇಳುತ್ತದೆ. ಯಾಕೋಬನು ಅದರ ‘ಆದ್ದರಿಂದ’ವನ್ನು ನಾಲಿಗೆಗೆ ಅನ್ವಯಿಸುತ್ತಾನೆ: ಒಂದೇ ಬಾಯಿಂದ ದೇವರನ್ನು ಕೊಂಡಾಡಿ, ಆತನ ಹೋಲಿಕೆಯಲ್ಲಿರುವವರನ್ನು ಶಪಿಸುವುದು ಸಲ್ಲದು (ಯಾಕೋಬ 3:9-10). ಎರಡು ವಾರಗಳ ಅಭ್ಯಾಸವಾಗಿ, ನಿಮ್ಮ ಎದುರಿನಲ್ಲಿ ಇಲ್ಲದ ವ್ಯಕ್ತಿಯ ಬಗ್ಗೆ ಮಾತನಾಡುವಾಗ ಅವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರೆ ಯಾವ ಮಾತನ್ನು ಆಡುತ್ತಿದ್ದೆವೋ ಅದನ್ನೇ ಆಡಬೇಕು. ಮೊಬೈಲಿನಲ್ಲಿ ಬರೆಯುವ ಮಾತಿಗೂ ಇದೇ ನಿಯಮ.

ನರಾವತಾರದ, ಅಂದರೆ ದೇವರು ಮನುಷ್ಯನಾಗಿ ಬಂದನೆಂಬ ಉಪದೇಶವನ್ನು 451ರಲ್ಲಿ ಖಲ್ಕೆದೋನಿನ ಪರಿಷತ್ತು ನಿರೂಪಿಸಿತು: ಕ್ರಿಸ್ತನು ಪರಿಪೂರ್ಣವಾಗಿ ದೇವರು, ಪರಿಪೂರ್ಣವಾಗಿ ಮನುಷ್ಯನು. ಆತನು ದಣಿದು ಬಾವಿಯ ಬಳಿ ಕುಳಿತನು, ದೋಣಿಯಲ್ಲಿ ನಿದ್ರಿಸಿದನು, ಗೆಳೆಯನ ಸಮಾಧಿಯ ಬಳಿ ಅತ್ತನು, ಬಡಗಿಯ ಕೆಲಸ ಮಾಡಿದನು. ಆದ್ದರಿಂದ ಕೈಕೆಲಸವನ್ನಾಗಲಿ ದೇಹದ ದಣಿವನ್ನಾಗಲಿ ಆತ್ಮಿಕ ಜೀವನದ ಹೊರಗಿನದೆಂದು ತಳ್ಳುವಂತಿಲ್ಲ. 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಪ್ಯಾರಿಸ್ಸಿನ ಒಂದು ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿಯುತ್ತಲೇ ದೇವರ ಸಾನ್ನಿಧ್ಯದ ಅಭ್ಯಾಸಕ್ಕೆ ಹೆಸರಾದನು. ನೀವು ದಿನವೂ ಮಾಡುವ, ಯಾರೂ ಗಮನಿಸದ ಒಂದು ಕೆಲಸವನ್ನು ಆರಿಸಿಕೊಂಡು ಅದನ್ನು ಆರಂಭಿಸುವ ಮುನ್ನ ಒಂದೇ ವಾಕ್ಯದಲ್ಲಿ ದೇವರಿಗೆ ಒಪ್ಪಿಸಿ. ತಕ್ಕಷ್ಟು ನಿದ್ರೆ ಮಾಡುವುದೂ ವಿಧೇಯತೆಯೇ. ಕೀರ್ತನೆ 127 ಅದನ್ನು ದೇವರ ಕೊಡುಗೆಯೆಂದು ಕರೆಯುತ್ತದೆ.

ಇನ್ನು ಶಿಲುಬೆ ಮತ್ತು ಕೃಪೆ. ಮಿಕ್ಕ ಉಪದೇಶಗಳಿಗಿಂತ ಇಲ್ಲಿ ಹೆಚ್ಚು ಕಾಲ ನಿಲ್ಲಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ನಮ್ಮ ಬಾಯಿ ಒಪ್ಪಿಕೊಂಡದ್ದನ್ನು ನಮ್ಮ ಮನಸ್ಸು ಅತಿ ಹೆಚ್ಚು ನಿರಾಕರಿಸುವುದು ಇಲ್ಲಿಯೇ. ಪಾಪಿಯು ತನ್ನ ಕ್ರಿಯೆಗಳಿಂದಲ್ಲದೆ ನಂಬಿಕೆಯ ಮೂಲಕ, ಕ್ರಿಸ್ತನ ನಿಮಿತ್ತ ನೀತಿವಂತನೆಂದು ನಿರ್ಣಯಿಸಲ್ಪಡುತ್ತಾನೆಂಬುದು ಪೌಲನ ಉಪದೇಶ. ಇದನ್ನು ನಂಬುತ್ತೇವೆಂದು ಹೇಳುವ ನಾವು, ಒಳ್ಳೆಯ ದಿನದಂದು ಧೈರ್ಯದಿಂದ ಪ್ರಾರ್ಥಿಸುತ್ತೇವೆ, ಬಿದ್ದ ದಿನದಂದು ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳುತ್ತೇವೆ. ಅಂದರೆ ಒಳಗೊಳಗೆ ನಮ್ಮ ಕ್ರಿಯೆಗಳನ್ನೇ ನೆಚ್ಚಿದ್ದೇವೆ. ಇದಕ್ಕೆ ಮದ್ದು ಬಿದ್ದ ದಿನದಂದೇ, ಅದೇ ಗಂಟೆಯಲ್ಲಿ, ಪಾಪಕ್ಕೆ ಅದರ ಸರಿಯಾದ ಹೆಸರಿಟ್ಟು ಒಪ್ಪಿಕೊಳ್ಳುವುದು. ‘ಏನಾದರೂ ತಪ್ಪಿದ್ದರೆ ಕ್ಷಮಿಸು’ ಎಂಬುದು ಒಪ್ಪಿಗೆಯಲ್ಲ. ‘ಇಂದು ಬೆಳಿಗ್ಗೆ ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಸುಳ್ಳು ಹೇಳಿದೆ’ ಎಂಬುದು ಒಪ್ಪಿಗೆ.

ಕೃಪೆಯ ‘ಆದ್ದರಿಂದ’ ಕ್ಷಮೆ. ಮತ್ತಾಯ 18ರ ಸಾಮ್ಯವನ್ನು ಲೆಕ್ಕ ಹಾಕಿ ಓದಬೇಕು. ಅರಸನಿಗೆ ಸೇವಕನು ಕೊಡಬೇಕಾದದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತು ಸುಮಾರು 6,000 ದೆನಾರಿ ನಾಣ್ಯಗಳಿಗೆ ಸಮ, ಒಂದು ದೆನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಹಾಗಾದರೆ ಆ ಸಾಲ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅದು ಮನ್ನಾ ಆದ ಮೇಲೆ ಅವನು ಹೊರಗೆ ಬಂದು ನೂರು ದೆನಾರಿ ಕೊಡಬೇಕಾಗಿದ್ದ ಜೊತೆ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ನೂರು ದೆನಾರಿ ಎಂದರೆ ಮೂರು ತಿಂಗಳಿಗೂ ಹೆಚ್ಚಿನ ಸಂಬಳ ಎಂಬುದನ್ನು ಗಮನಿಸಿ. ನಮಗಾದ ಅನ್ಯಾಯ ಏನೂ ಅಲ್ಲವೆಂದು ಯೇಸು ಹೇಳುವುದಿಲ್ಲ. ಅದು ನಿಜವಾದ ನಷ್ಟವೇ. ಆದರೆ ಮನ್ನಾ ಆದ ಸಾಲ ಅದರ ಆರು ಲಕ್ಷ ಪಟ್ಟು.

ಕ್ಷಮಿಸುವುದನ್ನು ಹೀಗೆ ಆರಂಭಿಸಬಹುದು. ಎಡಬದಿಯಲ್ಲಿ ದೇವರು ನಿಮಗೆ ಮನ್ನಾ ಮಾಡಿದ್ದನ್ನು ಹೆಸರಿಟ್ಟು ಬರೆಯಿರಿ. ಬಲಬದಿಯಲ್ಲಿ ನಿಮಗೆ ಅನ್ಯಾಯ ಮಾಡಿದವರ ಹೆಸರನ್ನೂ ಅವರು ನಿಜವಾಗಿ ಕಸಿದುಕೊಂಡದ್ದನ್ನೂ ಬರೆಯಿರಿ. ಮುಚ್ಚಿಡುವುದು ಬೇಡ, ಹಿಗ್ಗಿಸುವುದೂ ಬೇಡ. ಅನಂತರ ಆ ಸಾಲವನ್ನು ನಾನು ವಸೂಲಿ ಮಾಡುವುದಿಲ್ಲ ಎಂದು ದೇವರ ಮುಂದೆ ಹೇಳಿ, ಅವರ ಒಳಿತಿಗಾಗಿ ಒಂದು ವಾಕ್ಯದ ಪ್ರಾರ್ಥನೆ ಮಾಡಿ. ಮರುದಿನ ಕೋಪ ಮತ್ತೆ ಬಂದರೆ ನಿಮ್ಮ ಕ್ಷಮೆ ಸುಳ್ಳಾಯಿತೆಂದು ತಿಳಿಯಬೇಡಿ, ಮತ್ತೆ ಅದನ್ನೇ ಹೇಳಿ. ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ: ಕ್ಷಮಿಸುವುದೆಂದರೆ ಹೊಡೆಯುವವರ ಕೈಗೆ ಮತ್ತೆ ಸಿಗುವುದಲ್ಲ, ಅಪರಾಧವನ್ನು ಕಾನೂನಿನ ಕಣ್ಣಿಗೆ ಬೀಳದಂತೆ ಮರೆಮಾಚುವುದೂ ಅಲ್ಲ. ಹಿಂಸೆಗೆ ಒಳಗಾಗುತ್ತಿರುವವರು ಮೊದಲು ಸುರಕ್ಷಿತ ಸ್ಥಳವನ್ನೂ ನೆರವನ್ನೂ ಪಡೆಯಬೇಕು. ಅಂಥವರ ಮೇಲೆ ಕ್ಷಮೆಯ ವಚನಗಳನ್ನು ಹೇರುವುದು ಸುವಾರ್ತೆಗೆ ಬಗೆಯುವ ದ್ರೋಹವೆಂದೇ ನಾನು ನಂಬುತ್ತೇನೆ.

ನಾವೇ ಅನ್ಯಾಯ ಮಾಡಿದವರಾದರೆ ದೇವರಲ್ಲಿ ಕ್ಷಮೆ ಕೇಳಿ ಸುಮ್ಮನಾಗುವಂತಿಲ್ಲ. ಮೋಶೆಯ ಧರ್ಮಶಾಸ್ತ್ರವು ಮೋಸದಿಂದ ಪಡೆದದ್ದನ್ನು ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕೆಂದು ವಿಧಿಸಿತ್ತು (ಯಾಜಕಕಾಂಡ 6:5). ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದನು. ಅವನು ರಕ್ಷಣೆಯನ್ನು ಕೊಂಡುಕೊಳ್ಳಲು ಕೊಡಲಿಲ್ಲ, ಯೇಸು ಅವನ ಮನೆಗೆ ತಾನಾಗಿಯೇ ಬಂದಿದ್ದರಿಂದ ಕೊಟ್ಟನು. ಮತ್ತಾಯ 5:23-24 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಹೋದರನೊಂದಿಗೆ ಸಮಾಧಾನವಾಗಿ ಬಾ ಎನ್ನುತ್ತದೆ. ಮೊದಲ ಪುಟದ ಎರಡನೆಯ ಪ್ರಶ್ನೆಗೆ ನೀವು ಬರೆದ ಉತ್ತರವನ್ನು ಈಗ ತೆರೆಯಿರಿ. ಒಂದನ್ನಾದರೂ ಈ ವಾರವೇ ಇತ್ಯರ್ಥಪಡಿಸಿ.

ಪುನರುತ್ಥಾನದ ಉಪದೇಶವನ್ನು ನಾವು ಹೆಚ್ಚಾಗಿ ಸಾವಿನ ಮನೆಗೆ ಮೀಸಲಿಡುತ್ತೇವೆ. ಪೌಲನಾದರೋ 1 ಕೊರಿಂಥದವರಿಗೆ 15ನೆಯ ಅಧ್ಯಾಯದಲ್ಲಿ ಐವತ್ತೇಳು ವಚನಗಳ ಉದ್ದಕ್ಕೂ ಪುನರುತ್ಥಾನವನ್ನು ವಿವರಿಸಿ, ಐವತ್ತೆಂಟನೆಯ ವಚನದಲ್ಲಿ ಆದ್ದರಿಂದ ಸ್ಥಿರವಾಗಿ ಕೆಲಸ ಮಾಡಿರಿ, ಕರ್ತನಲ್ಲಿ ನಿಮ್ಮ ದುಡಿಮೆ ವ್ಯರ್ಥವಲ್ಲ ಎಂದು ಮುಗಿಸುತ್ತಾನೆ. ಫಲ ಕಾಣದ ಸೇವೆಯಲ್ಲಿರುವವರು, ವಾಸಿಯಾಗದ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಳ್ಳುವವರು ಈ ಅಧ್ಯಾಯವನ್ನು ಕಡೆಯ ವಚನದಿಂದ ಹಿಂದಕ್ಕೆ ಓದಿ ನೋಡಲಿ.

ಐದನೆಯ ಹೆಜ್ಜೆ: ಇತರರ ಜೊತೆ

ಯಾವುದಾದರೂ ಒಂದು ಸಭೆಗೆ ಸೇರಿ, ಅಲ್ಲಿಯೇ ಉಳಿಯಿರಿ. ಸಭೆಯ ಕೊರತೆಗಳು ಕಂಡಾಗ ಓಡಿಹೋಗುವವರು ‘ಒಬ್ಬರನ್ನೊಬ್ಬರು ಸಹಿಸಿಕೊಳ್ಳಿರಿ’ ಎಂಬ ಆಜ್ಞೆಯನ್ನು ಪಾಲಿಸುವ ಸಂದರ್ಭವನ್ನೇ ಕಳೆದುಕೊಳ್ಳುತ್ತಾರೆ. ಆದರೆ ಪಾಲಕನು ಪ್ರಶ್ನೆಗಳನ್ನು ಸಹಿಸದಿದ್ದರೆ, ಹಣದ ಲೆಕ್ಕ ತೋರಿಸದಿದ್ದರೆ, ನಿಮ್ಮ ಮನೆಯವರಿಂದ ನಿಮ್ಮನ್ನು ಬೇರ್ಪಡಿಸಿದರೆ ಅಲ್ಲಿಂದ ಹೊರಡುವುದೇ ಸರಿ. ಕರ್ತನ ಭೋಜನವನ್ನು ಅಭ್ಯಾಸಬಲದಿಂದ ತೆಗೆದುಕೊಳ್ಳದೆ ಹಿಂದಿನ ರಾತ್ರಿ ಹತ್ತು ನಿಮಿಷ ಆತ್ಮಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ನೋಟ್‌ಬುಕ್ಕಿನ ಬಲಬದಿಯನ್ನು ತೋರಿಸಬಹುದಾದ ಒಬ್ಬ ನಂಬಿಗಸ್ತ ವಿಶ್ವಾಸಿಯನ್ನು ಕಂಡುಕೊಂಡು, ತಿಂಗಳಿಗೊಮ್ಮೆ ಅವರ ಮುಂದೆ ಕುಳಿತುಕೊಳ್ಳಿ.

ಆರನೆಯ ಹೆಜ್ಜೆ: ರಾತ್ರಿಯ ಹತ್ತು ನಿಮಿಷ

ಹದಿನಾರನೆಯ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ ತನ್ನ ಸಂಗಾತಿಗಳಿಗೆ ದಿನದ ಪರಿಶೀಲನೆಯ ಒಂದು ಕ್ರಮವನ್ನು ಕಲಿಸಿದನು. ಅದರ ಸಾರ ಸರಳ. ಮೊದಲು ಆ ದಿನದ ಉಪಕಾರಗಳಿಗಾಗಿ ಕೃತಜ್ಞತೆ ಸಲ್ಲಿಸಬೇಕು. ಸರಿಯಾಗಿ ಕಾಣಲು ಬೆಳಕನ್ನು ಬೇಡಬೇಕು. ಎದ್ದಾಗಿನಿಂದ ಮಲಗುವವರೆಗಿನ ಗಂಟೆಗಳನ್ನು ನೆನಪಿನಲ್ಲಿ ಹಾದುಬರಬೇಕು. ತಪ್ಪಿಗೆ ಕ್ಷಮೆ ಕೇಳಬೇಕು. ನಾಳೆಯ ಒಂದು ತಿದ್ದುಪಡಿಯನ್ನು ನಿಶ್ಚಯಿಸಬೇಕು. ಕೃತಜ್ಞತೆಯನ್ನು ಬಿಟ್ಟು ನೇರವಾಗಿ ತಪ್ಪುಗಳಿಗೆ ಹೋದರೆ ಇದು ತನ್ನನ್ನು ತಾನೇ ಹಳಿದುಕೊಳ್ಳುವ ಕೆಲಸವಾಗಿಬಿಡುತ್ತದೆ. ಗಲಾತ್ಯ 5:22-23ರ ಒಂಬತ್ತು ಗುಣಗಳನ್ನು ಪೌಲನು ಆತ್ಮನ ‘ಫಲ’ವೆಂದು ಕರೆದದ್ದು ಗಮನಾರ್ಹ. ಫಲಕ್ಕೆ ಕಾಲ ಬೇಕು. ಹತ್ತು ದಿನಗಳಲ್ಲಿ ದೀರ್ಘಶಾಂತಿ ಬರಲಿಲ್ಲವೆಂದು ತಾಳ್ಮೆ ಕಳೆದುಕೊಳ್ಳುವುದು ಬೇಡ.

ದೇವರು ದೂರವೆನಿಸಿದಾಗ

ಇಷ್ಟೆಲ್ಲ ಮಾಡಿದರೂ ಒಣ ಕಾಲ ಬರುತ್ತದೆ. ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲನ್ನೂ ಕೊನೆಗೆ ಅಂಟಿಸುವುದಿಲ್ಲ. ಅದು ಪ್ರಾರ್ಥನಾ ಗ್ರಂಥದಲ್ಲೇ ಸ್ಥಾನ ಪಡೆದಿರುವುದರಿಂದ ಅಂಥ ದಿನ ಅದನ್ನೇ ಓದುವ ಅಧಿಕಾರ ನಿಮಗಿದೆ. ಆ ಕೀರ್ತನಕಾರನು ತನ್ನ ದೂರನ್ನು ದೇವರಿಗೇ ಹೇಳುತ್ತಾನೆ, ಬೆನ್ನು ತಿರುಗಿಸುವುದಿಲ್ಲ. ಒಣ ಕಾಲದಲ್ಲಿ ಅಭ್ಯಾಸವನ್ನು ಚಿಕ್ಕದಾಗಿಸಿ, ಆದರೆ ನಿಲ್ಲಿಸಬೇಡಿ: ಒಂದು ಕೀರ್ತನೆ, ಒಮ್ಮೆ ಕರ್ತನ ಪ್ರಾರ್ಥನೆ, ಒಬ್ಬರಿಗೆ ಒಂದು ಉಪಕಾರ. ನಿದ್ರೆ, ಹಸಿವು, ಬದುಕುವ ಆಸೆ ಇವು ವಾರಗಟ್ಟಲೆ ಕುಂದಿದ್ದರೆ ವೈದ್ಯರನ್ನು ಕಾಣಿರಿ, ಅದರಿಂದ ನಂಬಿಕೆಗೆ ಕುಂದು ಬರುವುದಿಲ್ಲ. ಹೋರೇಬಿಗೆ ಹೋಗುವ ದಾರಿಯಲ್ಲಿ ಸಾಯಲು ಬಯಸಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಮಾತು ಬಂದದ್ದು ಆಮೇಲೆ.

ಅಭ್ಯಾಸ ತಪ್ಪಿಹೋದವರಿಗೆ

ಕೆಲವು ವಾರ ನೋಟ್‌ಬುಕ್ ಮುಚ್ಚಿಯೇ ಇರಬಹುದು. ಅಥವಾ ದೊಡ್ಡದೊಂದು ಪಾಪದಲ್ಲಿ ಬಿದ್ದು, ಮತ್ತೆ ತೆರೆಯಲು ಮುಖವಿಲ್ಲವೆನಿಸಬಹುದು. ಯೋಹಾನನ ಸುವಾರ್ತೆಯಲ್ಲಿ ಇದ್ದಲ ಬೆಂಕಿಗೆ ಬಳಸಿದ ಗ್ರೀಕ್ ಪದ ಎರಡೇ ಕಡೆ ಬರುತ್ತದೆ. ಒಂದು, 18:18ರಲ್ಲಿ, ಮಹಾಯಾಜಕನ ಅಂಗಳದಲ್ಲಿ ಪೇತ್ರನು ಚಳಿ ಕಾಯಿಸಿಕೊಳ್ಳುತ್ತ ಯೇಸುವನ್ನು ಅರಿಯೆನೆಂದ ಜಾಗದಲ್ಲಿ. ಇನ್ನೊಂದು, 21:9ರಲ್ಲಿ, ಎದ್ದು ಬಂದ ಯೇಸು ದಡದಲ್ಲಿ ಮೀನು ಸುಟ್ಟು ಶಿಷ್ಯರಿಗಾಗಿ ಕಾದಿದ್ದ ಜಾಗದಲ್ಲಿ. ಮೂರು ಸಲ ನಿರಾಕರಿಸಿದವನನ್ನು ಆತನು ಅಂಥದೇ ಬೆಂಕಿಯ ಬಳಿ ಕೂರಿಸಿ, ಮೊದಲು ಊಟ ಕೊಟ್ಟು, ಆಮೇಲೆ ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಪ್ರತಿ ಉತ್ತರಕ್ಕೂ ಒಂದು ಕೆಲಸವನ್ನು ಒಪ್ಪಿಸಿದನು.

ಆದ್ದರಿಂದ ತಪ್ಪಿದ ದಿನಗಳ ಓದನ್ನು ಒಟ್ಟಿಗೆ ಮುಗಿಸಲು ಹೋಗಬೇಡಿ. ಹೊಸ ನೋಟ್‌ಬುಕ್ ಕೊಳ್ಳಬೇಡಿ, ಹಳೆಯ ಪುಟಗಳನ್ನು ಹರಿಯಬೇಡಿ. ಬಿಟ್ಟ ಅಧ್ಯಾಯವನ್ನೇ ತೆರೆದು, ಮುಂದಿನ ಪುಟದ ನಡುವೆ ಗೆರೆ ಎಳೆದು, ಇಂದಿನ ದಿನಾಂಕ ಹಾಕಿ, ಎಡಬದಿಯಲ್ಲಿ ಯೋಹಾನ 21 ಎಂದು ಬರೆಯಿರಿ.